ಬಿಸ್ಮಿಲ್ಲಾಬಿಯ ಸಾಲುಗಳು

ಉತ್ಸಾಹ ಎಂಬ ಮಾತು ಕೇಳಿದರೇನೇ ಕುಪ್ಪೇಲೂರಿನ ನೀಲಗಂಗವ್ವನಿಗೆ ಮೈ ಉರಿಯುತ್ತಿತ್ತು. ಯಾಕೆ ಉರಿಯಬಾರದು ಹೇಳಿ? ಇಪ್ಪತ್ತೆರಡು ವರ್ಷದಿಂದ ಆಕೆ ಶೇಖಪ್ಪನ ಹೆಂಡತಿ. ಶೇಖಪ್ಪ ಕೆಟ್ಟವನಲ್ಲ, ಕುಡುಕನಲ್ಲ, ಮಾತು ಬೆಣ್ಣೆಯಂಥದ್ದು. ಆದರೆ ವರ್ಷಕ್ಕೊಂದು ಹುಚ್ಚು. ಒಂದು ವರ್ಷ ರೇಷ್ಮೆ ಹುಳು, ಒಂದು ವರ್ಷ ಜೇನು ಪೆಟ್ಟಿಗೆ, ಮತ್ತೊಂದು ವರ್ಷ ಹಿತ್ತಿಲ ತುಂಬ ಬಿಳಿ ಕೋಳಿ. ಶುರುವಿನಲ್ಲಿ ಊಟವಿಲ್ಲ, ನಿದ್ದೆಯಿಲ್ಲ, ಸಿಕ್ಕಸಿಕ್ಕವರಿಗೆಲ್ಲ ಅದರದೇ ಪುರಾಣ. ಮೂರು ತಿಂಗಳಿಗೆ ಎಲ್ಲ ಟುಸ್ಸ್! ಆಮೇಲೆ ಆ ಹುಳುವನ್ನೋ ಕೋಳಿಯನ್ನೋ ಸಂಭಾಳಿಸುವುದು ನೀಲಗಂಗವ್ವನ ಹಣೆಬರಹ. ಹೀಗಾಗಿ ಯಾರಾದರೂ ನಗುನಗುತ್ತ ಕೆಲಸಕ್ಕೆ ಕೈ ಹಾಕಿದರೆ ಸಾಕು, ಇವರು ಯಾವತ್ತು ಕೈ ಎತ್ತುತ್ತಾರೆ ಅಂತ ಆಕೆ ಕಾಯುತ್ತ ಕೂಡುತ್ತಿದ್ದಳು.

ತೊಂಬತ್ತೊಂದನೆಯ ಇಸವಿಯ ಮುಂಗಾರಿಗೆ ಶೇಖಪ್ಪ ಮೊಲ ಸಾಕುವ ಮಾತೆತ್ತಿದ. ನೀಲಗಂಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತಳು.

"ಮೊಲಾನೂ ಇಲ್ಲ, ಗಿಲಾನೂ ಇಲ್ಲ. ಈ ವರ್ಷ ಎರಡ ಎಕರೆ ನನ್ನ ಕೈಯಾಗ ಬಿಡ್ರಿ. ನಾ ಹತ್ತಿ ಬೀಜದ ಪ್ಲಾಟ್ ಮಾಡ್ತೇನಿ."

"ಕೆಟ್ರ?"

"ಕೆಟ್ರ ಮುಂದಿನ ವರ್ಷ ಹೊಲ ನಿಮ್ದು. ನಾ ಮತ್ತ ಬಾಯಿ ತಗ್ಯಂಗಿಲ್ಲ."

ರಾಣೇಬೆನ್ನೂರಿನ ಬೀಜದ ಕಂಪನಿಯೊಂದು ಆಗ ಸುತ್ತಲ ಊರುಗಳಲ್ಲಿ ಇಂಥ ಪ್ಲಾಟು ಹಾಕಿಸುತ್ತಿತ್ತು. ಕೆಲಸ ಕೇಳುವುದಕ್ಕೆ ಸರಳ, ಮಾಡುವುದಕ್ಕೆ ನಾಜೂಕು. ಸಂಜೆ ಹೆಣ್ಣು ಸಾಲಿನ ಮೊಗ್ಗು ಹಿಡಿದು, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಗಂಡು ಕೇಸರವನ್ನೂ ಸುಲಿದು ತೆಗೆಯಬೇಕು. ನಡುವೆ ಉಳಿದ ಎಳೆಯ ಕಡ್ಡಿಗೆ ಕೆಂಪು ಕಾಗದದ ಪಾಕೀಟು ತೊಡಿಸಿ ಬಾಯಿ ಮಡಚಬೇಕು. ಮರುದಿನ ಮುಂಜಾನೆ ಅದನ್ನು ತೆಗೆದು, ಗಂಡು ಸಾಲಿನ ಹೂವು ತಂದು ಕಡ್ಡಿಗೆ ಸವರಿ, ಬಿಳಿ ಪಾಕೀಟು ಹಾಕಬೇಕು. ಒಂದು ಕೇಸರ ಉಳಿದರೂ, ಬಾಯಿ ಬಿಚ್ಚಿದ ಪಾಕೀಟಿನೊಳಗೆ ಜೇನುಹುಳು ಹೊಕ್ಕರೂ ಬೀಜ ಬೆರಕೆ. ಬೆರಕೆ ಹೆಚ್ಚಾದರೆ ಇಡೀ ಹೊಲದ ಬೀಜವನ್ನೇ ಕಂಪನಿಯವರು ಬೇಡವೆನ್ನುತ್ತಾರೆ.

ಎಂಟು ಹೆಣ್ಣಾಳು ಬಂದರು. ಮೊದಲ ವಾರ ಹಾಡೇನು, ನಗೆಯೇನು, ಹೊಲದಲ್ಲಿ ಮದುವೆ ಮನೆಯ ಸಡಗರ. ಮೂರನೆಯ ವಾರಕ್ಕೆ ಒಬ್ಬಳಿಗೆ ಸೊಂಟ, ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ತವರಿನ ನೆನಪು. ನೀಲಗಂಗವ್ವನಿಗೆ ಇದೇನೂ ಹೊಸದಲ್ಲ. ಬೈದಳು, ಬೆಲ್ಲ ಕೊಟ್ಟಳು, ಮತ್ತೆ ಬೈದಳು. ಕೆಲಸ ನಡೆಯಿತು.

ಆದರೆ ಬಿಸ್ಮಿಲ್ಲಾಬಿಯನ್ನು ಏನು ಮಾಡುವುದು? ಚಮನಸಾಬನ ಹೆಂಡತಿ, ನಲವತ್ತೈದರ ಆಸುಪಾಸಿನವಳು. ಮೊದಲ ದಿನ ಉಳಿದವರು ಕುಣಿಯುವಾಗ ಇವಳು ಕುಣಿಯಲಿಲ್ಲ. ನಲವತ್ತನೆಯ ದಿನ ಉಳಿದವರು ಮುಖ ಕಿವುಚಿದಾಗ ಇವಳು ಕಿವುಚಲಿಲ್ಲ. ಪ್ರತಿ ಮೊಗ್ಗನ್ನೂ ಇವತ್ತೇ ಮೊದಲ ಸಲ ಕಂಡವಳ ಹಾಗೆ ಒಮ್ಮೆ ಹೊರಳಿಸಿ ನೋಡಿ, ಸುಲಿದು, ಪಾಕೀಟು ತೊಡಿಸಿ, ತನ್ನಷ್ಟಕ್ಕೆ ಏನೋ ಗುನುಗುತ್ತ ಮುಂದಿನದಕ್ಕೆ ಹೋಗುತ್ತಿದ್ದಳು. ಇದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಹೊತ್ತು ಇನ್ನೂ ಒಂದು ಮಾರು ಇರುವಾಗಲೇ ತನ್ನ ಸಾಲು ಮುಗಿಸಿ ಸೆರಗು ಕೊಡವಿ ಎದ್ದುಬಿಡುತ್ತಿದ್ದಳು.

"ಇನ್ನೊಂದ ಸಾಲ ಹಿಡಿಯಲ್ಲ," ಎಂದಳು ನೀಲಗಂಗವ್ವ ಒಮ್ಮೆ.

"ಇವತ್ತಿಗಿ ಇಷ್ಟ ಸಾಕ್ರಿ ಅಕ್ಕಾರ."

"ಯಾಕ, ಕೈ ಸೋತಾವೇನು?"

"ಸೋತಿಲ್ರೀ. ಅದಕ್ಕ ಎದ್ದೇನಿ."

ಇದೊಂದು ಉತ್ತರವೇ? ಮನೆಗೆ ಹೋಗುವ ದಾರಿಯುದ್ದಕ್ಕೂ ನೀಲಗಂಗವ್ವ ಅದನ್ನೇ ಅಗಿದಳು. ಬೇಸರವಿಲ್ಲದ ಮನುಷ್ಯ ಇರುವುದುಂಟೇ? ಕೆಲಸ ಮಾಡದವರಿಗೆ ಮಾತ್ರ ಬೇಸರ ಬರುವುದಿಲ್ಲ. ಕೇಸರ ತೆಗೆಯದೆ ಸುಮ್ಮನೆ ಮೊಗ್ಗಿಗೆ ಪಾಕೀಟು ತೊಡಿಸಿ ನಡೆದರೆ ಯಾರಾದರೂ ಲಗೂ ಮುಗಿಸಬಹುದು, ಹಾಡನ್ನೂ ಹೇಳಬಹುದು. ಪಾಕೀಟಿನೊಳಗೆ ಏನಿದೆ ಎಂದು ಯಾರು ಕಂಡಿದ್ದಾರೆ!

ಮರುದಿನ ಎಮ್ಮೆ ಹಿಂಡಿದವಳೇ, ಆಳುಗಳು ಬರುವ ಮೊದಲು ಹೊಲಕ್ಕೆ ಹೋದಳು. ಬಿಸ್ಮಿಲ್ಲಾಬಿಯ ಸಾಲಿನ ಹತ್ತು ಪಾಕೀಟು ಬಿಚ್ಚಿ ಬೆರಳಾಡಿಸಿ ನೋಡಿದಳು. ಹತ್ತರಲ್ಲೂ ಒಂದೇ ಒಂದು ಕೇಸರವಿರಲಿಲ್ಲ. ಬೇರೆಯವರಾಗಿದ್ದರೆ ಕೆನ್ನೆ ಬಡಿದುಕೊಂಡು ವಾಪಸಾಗುತ್ತಿದ್ದರು. ನೀಲಗಂಗವ್ವನ ತಲೆ ಹಾಗೆ ಓಡುವುದಿಲ್ಲ. ನಿನ್ನೆ ನೆಟ್ಟಗೆ ಮಾಡಿದ್ದಾಳೆ, ಮೊನ್ನೆ ಏನು ಮಾಡಿದ್ದಳೋ ಎಂದುಕೊಂಡಳು. ಮರುದಿನ ಇಪ್ಪತ್ತು ಬಿಚ್ಚಿದಳು. ಅದರ ಮರುದಿನ ಐವತ್ತು. ಎಂಟು ದಿನ ಇದೇ ಆಯಿತು, ಬಿಚ್ಚುವುದು, ನೋಡುವುದು, ಮತ್ತೆ ಅವಸರದಲ್ಲಿ ಮುಚ್ಚಿ ತಟ್ಟಿಬಿಡುವುದು. ತಪ್ಪು ಸಿಗಲಿಲ್ಲ, ಅನುಮಾನ ಮಾತ್ರ ದಿನಕ್ಕೊಂದು ತೊಲ ಹೆಚ್ಚಾಯಿತು.

ಒಂಬತ್ತನೆಯ ದಿನ ಸಿಕ್ಕೇಬಿಟ್ಟಿತು! ಬಿಸ್ಮಿಲ್ಲಾಬಿಯ ಸಾಲುಗಳಲ್ಲಿ ಬಿಳಿ ಪಾಕೀಟುಗಳೇ ಕಡಿಮೆ. ಪಕ್ಕದ ಜಯವ್ವನ ಸಾಲಿನಲ್ಲಿ ಎಳೆಗಾಯಿ ಜೋತಾಡುತ್ತಿದ್ದರೆ ಇವಳ ಗಿಡಗಳು ಅಲ್ಲಲ್ಲಿ ಬೋಳು. ನೀಲಗಂಗವ್ವನ ಹೊಟ್ಟೆ ತಣ್ಣಗಾಯಿತು. ಹೊಲ ಕೆಡುತ್ತಿದೆ ಎಂಬ ಚಿಂತೆಗಿಂತ ತನ್ನ ಮಾತು ಖರೇ ಆಯಿತೆಂಬ ಖುಷಿಯೇ ಹೆಚ್ಚು, ಸುಳ್ಳೇಕೆ ಹೇಳಬೇಕು. ಅವತ್ತೇ ಬಸ್ಸಿನವನ ಕೈಯಲ್ಲಿ ರಾಣೇಬೆನ್ನೂರಿಗೆ ಹೇಳಿಕಳಿಸಿದಳು. ಮರುದಿನ ಮುಂಜಾನೆ ಕಂಪನಿಯ ಸೂಪರ್‌ವೈಜರ್ ಡಾಕಪ್ಪ ಲೂನಾ ಗಾಡಿಯ ಮೇಲೆ ಬಂದಿಳಿದ.

"ಇಕಿನ್ನ ಬಿಡಿಸಿಬಿಡ್ರಿ. ಕೆಲಸಾ ಮಾಡಿದಂಗ ನಾಟಕಾ ಮಾಡ್ತಾಳ," ಎಂದಳು ನೀಲಗಂಗವ್ವ ಎಲ್ಲರಿಗೂ ಕೇಳುವಂತೆ.

ಹೆಣ್ಣಾಳುಗಳು ಕೆಲಸ ಬಿಟ್ಟು ತಲೆ ಎತ್ತಿದರು. ಕಂಪನಿಯ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದರೆ ಸುತ್ತಲಿನ ಯಾವ ಪ್ಲಾಟಿಗೂ ಆ ಹೆಂಗಸನ್ನು ಕರೆಯುವುದಿಲ್ಲ ಎಂದು ಅವರಿಗೆಲ್ಲ ಗೊತ್ತಿತ್ತು. ಬಿಸ್ಮಿಲ್ಲಾಬಿ ಕೈಯಲ್ಲಿದ್ದ ಗಂಡು ಹೂವನ್ನು ಬುಟ್ಟಿಯಲ್ಲಿಟ್ಟಳು.

ಡಾಕಪ್ಪ ಸಾಲಿನುದ್ದಕ್ಕೂ ಬಗ್ಗಿ ನಡೆದ. ಗಿಡದ ಬುಡದಲ್ಲಿ ಬಾಡಿ ಬಿದ್ದಿದ್ದ ಒಂದು ಹಿಡಿ ಮೊಗ್ಗುಗಳನ್ನು ಆಯ್ದು ಅಂಗೈಯಲ್ಲಿ ಹರಡಿದ. ಎಲ್ಲವೂ ಚೆನ್ನಾಗಿ ಸುಲಿದವೇ.

"ಕೇಸರ ತಗದದ್ದು ಚಲೋ ಐತಿ. ಮತ್ತ ಇವನ್ನ ಕಿತ್ತ ಯಾಕ ಒಗದಿ?"

"ಪಾಕೀಟಿನ ಬಾಯಿ ಬಿಚ್ಚಿತ್ರಿ ಸಾಹೇಬ್ರ," ಎಂದಳು ಬಿಸ್ಮಿಲ್ಲಾಬಿ. "ಬಿಚ್ಚಿದ್ದಕ್ಕ ಗಂಡು ಮುಟ್ಟಿಸಬ್ಯಾಡ ಅಂತ ನೀವ ಹೇಳೀರಿ. ಅದಕ್ಕ ದಿನಾ ಮುಂಜಾನೆ ಆರಿಸಿ ಕಿತ್ತೇನಿ."

"ಯಾರ ಬಿಚ್ಚಿದ್ರು?"

ಬಿಸ್ಮಿಲ್ಲಾಬಿ ಒಂದು ಕ್ಷಣ ನೀಲಗಂಗವ್ವನ ಕಡೆ ನೋಡಿದಳು. ಆಮೇಲೆ ಕಣ್ಣು ಬೇರೆ ಕಡೆ ಹೊರಳಿಸಿದಳು.

"ಗಾಳಿ ಇತ್ರಿ."

"ಗಾಳಿ ನಿನ್ನ ಸಾಲಿಗಷ್ಟ ಬೀಸತೈತೇನು? ನೀನ ನೆಟ್ಟಗ ಮಡಚಿಲ್ಲ." ಡಾಕಪ್ಪ ಕಿಸೆಯಿಂದ ಪುಸ್ತಕ ತೆಗೆದು ಪೆನ್ನಿನ ಟೊಪ್ಪಿಗೆ ಬಿಚ್ಚಿದ.

ಬೋಳಾದ ಒಂದೊಂದು ಟೊಂಗೆಯೂ ತನ್ನ ಕೈಯ ಕೆಲಸ ಎಂಬುದು ಆಗ ನೀಲಗಂಗವ್ವನ ತಲೆಗೆ ಹೊಕ್ಕಿತು. ಸುಮ್ಮನಿದ್ದರೆ ಆಯಿತು, ಗಾಳಿಯ ಮೇಲೋ ಬಿಸ್ಮಿಲ್ಲಾಬಿಯ ಮೇಲೋ ಹೋಗುತ್ತದೆ. ಎಂಟು ಹೆಣ್ಣಾಳುಗಳ ಎದುರು ಮರ್ಯಾದೆ ಉಳಿಯುತ್ತದೆ. ಸುಮ್ಮನಿರಬೇಕೆಂದೇ ಆಕೆ ನೋಡಿದಳು. ಆದರೆ ಪೆನ್ನು ಕಾಗದಕ್ಕೆ ಮುಟ್ಟಿದ್ದು ಕಂಡಾಗ ತಡೆಯಲಾಗಲಿಲ್ಲ.

"ಗಾಳಿ ಅಲ್ರಿ, ನಾನು," ಎಂದಳು. "ಎಂಟ ದಿನಾ ನಾನ ಬಿಚ್ಚಿ ನೋಡೇನಿ."

ಜಯವ್ವ ಸೆರಗು ಬಾಯಿಗಿಟ್ಟಳು. ಡಾಕಪ್ಪ ಪುಸ್ತಕ ಮುಚ್ಚಿದ.

"ಏನ್ ಅಕ್ಕಾರ ನೀವು! ಇಕಿ ಕಿತ್ತ ಒಗದಿದ್ದಕ್ಕ ನಿಮ್ಮ ಪ್ಲಾಟ್ ಉಳದೈತಿ. ಬಿಚ್ಚಿದ್ದಕ್ಕೆಲ್ಲಾ ಗಂಡು ಮುಟ್ಟಿಸಿದ್ರ ಇಡೀ ಬೀಜ ಹೊಳೀಗಿ ಹೋಗತಿತ್ತು. ಇನ್ನ ಹದಿನೈದ ದಿನಾ ಮೊಗ್ಗಿ ಬರ್ತಾವ, ಕಡಿಮಿ ಆದದ್ದು ತುಂಬಿಸ್ಕೊಳ್ರಿ."

ಲೂನಾ ಹೋದ ಮೇಲೆ ನೀಲಗಂಗವ್ವ ಬಿಸ್ಮಿಲ್ಲಾಬಿಯ ಹತ್ತಿರ ಬಂದಳು.

"ನಿನಗ ಗೊತ್ತಿತ್ತೇನು?"

"ಎರಡನೇ ದಿನಾನ ಗೊತ್ತಾತ್ರಿ. ಇಬ್ಬನಿಯೊಳಗ ನಿಮ್ಮ ಕಾಲಿನ ಗುರುತು ಇತ್ತು."

"ಮತ್ತ ಬಾಯಿ ಬಿಟ್ಟ ಹೇಳಬಾರದಾ? ನನ್ನ ಮಾರಿಗೆ ಬೈಬಾರದಾ?"

"ಬೈದಿದ್ರ ಮರುದಿನ ಇಲ್ಲಿಗಿ ಬರೂ ಮನಸ ಕೆಡತಿತ್ರಿ. ನನಗ ಈ ಕೆಲಸಾ ಸೇರತೈತಿ." ಬಿಸ್ಮಿಲ್ಲಾಬಿ ಮತ್ತೊಂದು ಪಾಕೀಟು ತೆಗೆದು ಹೂವು ಸವರಿದಳು. "ಆದ್ರ ಸಿಟ್ಟ ಬಂದಿತ್ರಿ. ಬರಲಿಲ್ಲ ಅಂದ್ರ ಸುಳ್ಳಾಗತೈತಿ."

ಸಂಜೆ ನೀಲಗಂಗವ್ವ ತಾನೇ ಆ ಸಾಲಿನಲ್ಲಿ ಕುಳಿತಳು. ಹಟ ಹಿಡಿದವಳ ಹಾಗೆ ಪಟಪಟನೆ ಸುಲಿಯತೊಡಗಿದಳು. ಅರ್ಧ ತಾಸಿಗೆ ಬೆರಳು ಉರಿದವು, ನಾಲ್ಕು ಕಡ್ಡಿ ಮುರಿದವು. ಬಿಸ್ಮಿಲ್ಲಾಬಿ ನೋಡಿ ನೋಡಿ ಸಾಕಾಗಿ ಹೇಳಿದಳು.

"ಹೊಲಾ ಪೂರಾ ಒಮ್ಮೆಲೆ ನೋಡಬ್ಯಾಡ್ರಿ ಅಕ್ಕಾರ. ಕೈಯಾಗಿನ ಒಂದ ನೋಡ್ರಿ."

ಒಂದನ್ನೇ ನೋಡುವುದು ಮೊದಮೊದಲು ಕಷ್ಟವಾಯಿತು. ಆಮೇಲೆ ಕೈಗೆ ಒಂದು ಹದ ಬಂತು. ಇನ್ನೊಂದು, ಇನ್ನೊಂದು ಎನ್ನುವಷ್ಟರಲ್ಲಿ ಬಿಸ್ಮಿಲ್ಲಾಬಿ ಎದ್ದು ನಿಂತಿದ್ದಳು.

"ಏಳ್ರಿ. ಸಾಕು."

"ಇನ್ನೂ ಬೆಳಕೈತಲ್ಲ! ನನಗ ಇನ್ನೂ ಮಾಡಬೇಕ ಅನಸಾಕತ್ತೈತಿ."

"ಅನಸಾಕತ್ತಿದ್ದಾಗ ಏಳಬೇಕ್ರಿ. ಅದು ನಾಳಿಗಿ ಬೇಕು."

ನೀಲಗಂಗವ್ವ ಎದ್ದಳು. ಮನೆಗೆ ನಡೆಯುವಾಗ ನಾಳೆಯ ಕೆಲಸದ ಮೇಲೆ ಆಸೆ ಹುಟ್ಟಿದ್ದು ಆಕೆಗೆ ವಿಚಿತ್ರವೆನಿಸಿತು. ಇದು ಎಷ್ಟು ದಿನದ್ದೋ ಎಂದು ತನ್ನ ಮೇಲೇ ಅನುಮಾನಪಟ್ಟಳು.

ಮರುದಿನವೂ ಎಲ್ಲರಿಗಿಂತ ಮೊದಲು ಹೋದಳು. ಪಾಕೀಟು ಬಿಚ್ಚಿ ನೋಡಲು ಬೆರಳು ತುರಿಸಿದವು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿ ಬದುವಿನ ಮೇಲೆ ಕುಳಿತಳು. ಬಿಸ್ಮಿಲ್ಲಾಬಿ ಬಂದಳು, ಬುಟ್ಟಿ ಇಳಿಸಿದಳು, ಗಂಡು ಹೂವು ತರಲು ಹೋಗಲಿಲ್ಲ. ಮೊದಲ ಕೆಂಪು ಪಾಕೀಟಿಗೆ ಬಗ್ಗಿ ಅದರ ಮಡಿಕೆ ನೋಡಿದಳು. ಎರಡನೆಯದನ್ನು ನೋಡಿದಳು. ಮೂರನೆಯದನ್ನೂ ನೋಡಿದಳು. ಒಂದನ್ನೂ ಬಿಡದೆ, ಅವಸರವಿಲ್ಲದೆ, ಸಾಲಿನ ಆ ತುದಿಯ ತನಕ ಹೋದಳು. ನೀಲಗಂಗವ್ವನ ಮುಖ ಕಾದ ಹಂಚಾಯಿತು. ನಾ ಮುಟ್ಟಿಲ್ಲ ಅನ್ನಬೇಕೆಂದುಕೊಂಡಳು. ಹೇಳಿದರೆ ನಂಬುವವರು ಯಾರು?

"ಎಲ್ಲಾ ಸರಿ ಅದಾವ್ರಿ," ಎಂದಳು ಬಿಸ್ಮಿಲ್ಲಾಬಿ ವಾಪಸು ಬಂದು.

"ನಾಳೇನೂ ನೋಡ್ತೀಯೇನು?"

"ನೋಡ್ತೇನ್ರಿ."

"ನೋಡವ್ವಾ," ಎಂದು ನೀಲಗಂಗವ್ವ ಬುಟ್ಟಿ ತೆಗೆದುಕೊಂಡು ಗಂಡು ಹೂವು ಕೀಳಲು ಎದ್ದಳು.