ಪೆಟ್ಟಿಗೆಯಲ್ಲಿ ಬಾಕಿ ಉಳಿದ ನಗು

ಆ ಮುದುಕಿ ನನ್ನನ್ನು ನೋಡಿ ಕೈ ಮುಗಿದಳಲ್ಲ, ಗಾಲಿಕುರ್ಚಿಯಲ್ಲಿ ಕೂತವಳು, ಕರೆದುಕೊಂಡು ಹೋಗಲು ಬಂದಿದ್ದೇನೆ ಅಂದುಕೊಂಡಳೋ ಏನೋ, ಕೈ ಮುಗಿದು ಕಣ್ಣು ಮುಚ್ಚಿಯೇ ಬಿಟ್ಟಳು, ಅಜ್ಜೀ ನಾನು ಸತ್ತಿಲ್ಲ, ಇದು ಬಣ್ಣ, ಸಿನಿಮಾದ ಬಣ್ಣ — ಅನ್ನುವಷ್ಟರಲ್ಲಿ ಅವಳ ಮಗಳು ಕುರ್ಚಿ ತಿರುಗಿಸಿಕೊಂಡು ಲಿಫ್ಟಿನ ಕಡೆಗೆ ಓಡಿದಳು, ಓಡಲಿ, ಇವತ್ತು ಯಾರು ಎಲ್ಲಿಗೆ ಬೇಕಾದರೂ ಓಡಲಿ, ನನ್ನ ಜೋಡಿ ತುಯ್ ಬದುಕಿದ್ದಾನೆ, ಡಾಕ್ಟರು ಈಗಷ್ಟೇ ಹೊರಗೆ ಬಂದು ಹೇಳಿದರು, ಹೊಟ್ಟೆ ಒಳಗೆ ರಕ್ತ ಸೋರ್ತಾ ಇತ್ತು, ನಿಲ್ಸಿದೀವಿ, ದವಡೆ ಸ್ವಲ್ಪ ಬಿರುಕು ಬಿಟ್ಟಿದೆ, ಇನ್ನು ಭಯ ಇಲ್ಲ, ಬದುಕಿದೆಯಾ ಬಡಜೀವವೇ, ಬೆಂಚಿನ ಮೇಲೆ ನನ್ನ ಪಕ್ಕ ನರಕದ ಭಟರ ವೇಷದವರಿಬ್ಬರು ಕೆಂಪು ಪಂಚೆ ಉಟ್ಟುಕೊಂಡು, ತ್ರಿಶೂಲ ಗೋಡೆಗೆ ಒರಗಿಸಿ, ಮೊಣಕೈಗೆ ಹತ್ತಿ ಒತ್ತಿಕೊಂಡು ಕೂತಿದ್ದಾರೆ, ಅವನಿಗೆ ರಕ್ತ ಕೊಟ್ಟವರು ಇವರೇ, ಬೆಳಿಗ್ಗೆ ಅವನನ್ನು ತಿವಿಯಬೇಕಾಗಿದ್ದವರು. ಡಾಕ್ಟರು ಹೋಗುವಾಗ ನನ್ನ ಮುಖ ನೋಡಿ ತಡೆದರು, ಬೂದಿ ಬಣ್ಣದ ಕೆಳಗೂ ಗುರುತು ಸಿಕ್ಕಿತು ಪಾಪ, ನೀವು ಜೊಯ್ ಅಲ್ವಾ, ನಿಮ್ಮಿಬ್ರ ಮೊದಲನೇ ಪಿಚ್ಚರ್ ನಮ್ಮನೇಲಿ ಎಲ್ರಿಗೂ ಬಾಯಿಪಾಠ, ಆದ್ರೆ ನೀವು ಮಾತ್ರ ಒಳಗೆ ಹೋಗ್ಬೇಡಿ, ಅವರು ನಕ್ಕರೆ ಹೊಲಿಗೆ ಕಿತ್ಕೊಳ್ಳುತ್ತೆ. ಇಪ್ಪತ್ತು ವರ್ಷ ಜನರನ್ನು ನಗಿಸಿದ್ದಕ್ಕೆ ಸಿಕ್ಕ ದೊಡ್ಡ ಹೊಗಳಿಕೆ ಇದೇ ಇರಬೇಕು.

ಆದರೆ ಅವನು ನಗಲೇಬೇಕು, ಅದೇ ಈಗ ಇಲ್ಲಿ ಎಲ್ಲರ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು, ಯಾಕೆಂದರೆ ನಿನ್ನೆ ಅವನು ನಗಲಿಲ್ಲ. ಸತ್ತ ಪಾತ್ರ ಮಾಡಿದವನು, ಹೆಣದ ಪೆಟ್ಟಿಗೆಯಲ್ಲಿ ಮಲಗಿದವನು, ಕ್ಯಾಮೆರಾ ನಿಲ್ಲುವ ಮೊದಲು ಎದ್ದು ಕೂತು ಹಲ್ಲು ಕಿರಿಯಬೇಕು, ನಮ್ಮಲ್ಲಿ ಎಷ್ಟು ದೊಡ್ಡ ನಟನೇ ಆಗಲಿ ಅದನ್ನು ಮಾಡದೆ ಮನೆಗೆ ಹೋಗುವುದಿಲ್ಲ, ಇದೆಲ್ಲ ತಮಾಷೆಗೆ ಅಂತ ಸಾವಿಗೆ ತಿಳಿಯಬೇಕಲ್ಲ, ಇಲ್ಲದಿದ್ದರೆ ಅದು ನಿಜ ಅಂತಲೇ ಹಿಂದೆ ಬರುತ್ತದೆ. ನಿನ್ನೆ ನಾನು ಎದ್ದೆ, ಎರಡು ಬೆರಳು ತೋರಿಸಿ ನಕ್ಕೆ, ಪಕ್ಕದ ಪೆಟ್ಟಿಗೆ ನೋಡಿದರೆ ಗೊರಕೆ. ತುಯ್‌ಗೆ ಸೋಮಾರಿ ಪಾತ್ರ ಕೊಟ್ಟರು ಅನ್ನುತ್ತಾರೆ, ಸುಳ್ಳು, ಪಾತ್ರಕ್ಕೇ ಅವನನ್ನು ಕೊಟ್ಟಿದ್ದು, ಲಿಕೇ ನಾಟಕದ ಮೇಳದಲ್ಲಿ ಹಾಸ್ಯಗಾರರಾಗಿ ಊರೂರು ಅಲೆಯುವಾಗಲೂ ರಾಜನ ಆಸ್ಥಾನ ನಡೆಯುತ್ತಿದ್ದಂತೆ ಕಂಬಕ್ಕೊರಗಿ ಮಲಗಿಬಿಡುತ್ತಿದ್ದ, ಜನ ಅದನ್ನೂ ಹಾಸ್ಯ ಅಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು, ಕುಂಭಕರ್ಣ ಅನ್ನೋರು ಅವನ ಅಮ್ಮ, ನಮ್ಮ ಸಮ್ಲೀ ಅಮ್ಮ, ನನ್ ಹೊಟ್ಟೇಲಿ ಒಂಬತ್ತು ತಿಂಗಳು ಮಲ್ಗಿದ್ದೂ ಸಾಲ್ದೂ ಅಂತ ಹೆರಿಗೆ ದಿವ್ಸಾನೂ ನಿದ್ದೆ ಹೊಡೀತಿದ್ದ ಕಣೋ. ನಿನ್ನೆ ಅವನು ಪೆಟ್ಟಿಗೆಯೊಳಗೆ, ಎದೆಯ ಮೇಲೆ ಕೈ ಜೋಡಿಸಿ, ಹೆಣಕ್ಕೆ ಕಟ್ಟುವ ಬಿಳಿ ದಾರ ಕೈಗೆ ಸುತ್ತಿಸಿಕೊಂಡು, ತಾವರೆ ಮೊಗ್ಗು ಹಿಡಿದು ಎಷ್ಟು ಚೆನ್ನಾಗಿ ಗೊರೆಯುತ್ತಿದ್ದ ಅಂದರೆ ನಿರ್ದೇಶಕಿ ಪ್ರಾಂಗ್ ಅಕ್ಕನೇ ಹೊಟ್ಟೆ ಹಿಡಿದು ನಕ್ಕಳು, ಮಲ್ಗ್ಲಿ ಬಿಡ್ರೋ, ಎದ್ದ್ಮೇಲೆ ನಗು ತಗೊಳ್ಳೋಣ ಅಂದಳು. ನಾವು ಊಟಕ್ಕೆ ಹೋದೆವು, ಗಾಳಿ ಎದ್ದಿತು, ಚಪ್ಪರ ಹಾರಿತು, ಸಾಮಾನು ಎತ್ತುವ ಗಡಿಬಿಡಿಯಲ್ಲಿ ಅವನ ನಗು ಎಲ್ಲರಿಗೂ ಮರೆತುಹೋಯಿತು. ಪೆಟ್ಟಿಗೆಯಿಂದ ಅವನು ತಾನಾಗಿ ಎದ್ದು ಆಕಳಿಸಿಕೊಂಡು ಬಂದು, ಲೋ ನಂಗೆ ಮೀನು ಉಳ್ಸಿದೀರಾ ಇಲ್ವಾ ಅಂತ ಕೇಳಿದ, ಅಷ್ಟೇ.

ಬೆಳಿಗ್ಗೆ ಶೂಟಿಂಗು ದೇವಸ್ಥಾನದ ಹಿಂದೆ ಪಾಪಿಗಳನ್ನು ಹೆದರಿಸಲು ಕಟ್ಟಿದ ಗೊಂಬೆಗಳ ನರಕದಲ್ಲಿ, ಸಿಮೆಂಟಿನ ಮುಳ್ಳು ಬೂರುಗದ ಮರ, ಪರಸ್ತ್ರೀಯ ಹಿಂದೆ ಹೋದವರು ಹತ್ತುವ ಮರ, ಕತೆಯಲ್ಲಿ ನಾವಿಬ್ಬರೂ ಭಟರ ಹತ್ತಿರ ವಾದ ಮಾಡಬೇಕು, ಅಣ್ಣಾ ನಾವು ಸ್ವಂತ ಹೆಂಡ್ತಿ ಹಿಂದೇನೇ ಹೋಗ್ಲಿಲ್ಲ, ನಡೀಬೇಕಲ್ಲ ಅಂತ, ಪಕ್ಕದ ಮನೆಯವ್ಳ ಹಿಂದೆ ಹೋಗೋಕಾಗುತ್ತಾ — ರಸ್ತೆಯ ರೋಲರು ಆಮೆಯ ಹಾಗೆ ಬರುತ್ತಿದ್ದರೂ ಏಳಲು ಬೇಜಾರಾಗಿ ಸತ್ತ ಇಬ್ಬರು ಗೆಳೆಯರು ನಾವು, ನರಕದವರಿಗೇ ನಮ್ಮನ್ನು ದಂಡಿಸಿ ಸಾಕಾಗಿ ಹೋಗಬೇಕು, ಅದೇ ಕತೆ. ನಾನು ಕೆಳಗೆ ಕೊಪ್ಪರಿಗೆಯ ಅಂಚಿನಲ್ಲಿ ಕೂತಿದ್ದೆ, ಅವನು ಮೇಲೆ ಹತ್ತಿದ್ದ, ಕಾಲು ಜಾರಿತು, ಕೂಗಲಿಲ್ಲ ಬಡ್ಡಿಮಗ, ಕೂಗುವುದಕ್ಕೂ ಸೋಮಾರಿತನ, ಬಿದ್ದ ಸದ್ದು ಮಾತ್ರ, ಅಕ್ಕಿ ಮೂಟೆ ಇಳಿಸಿದ ಹಾಗೆ, ನಾನು ಹಾಸ್ಯ ಅಂದುಕೊಂಡು ನಕ್ಕೂಬಿಟ್ಟೆ, ಆಮೇಲೆ ಅವನ ಬಾಯಿಂದ ರಕ್ತ. ಪ್ರಾಂಗ್ ಅಕ್ಕ ಓಡಿ ಬಂದು ಮಂಡಿಯೂರಿ ಮೊದಲು ಅಂದ ಮಾತು ಅದೇ, ಅವ್ನು ನಿನ್ನೆ ನಗ್ಲೇ ಇಲ್ಲ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ, ನಂಬುವುದಿಲ್ಲ ಅಂತ ಪ್ರತಿ ಸಲ ಹೇಳಿಕೊಂಡೇ ಪ್ರತಿ ಪೆಟ್ಟಿಗೆಯಿಂದಲೂ ನಕ್ಕುಕೊಂಡೇ ಎದ್ದವನು, ಆಂಬುಲೆನ್ಸಿನಲ್ಲಿ ಅವನ ಕಾಲು ಹಿಡಿದುಕೊಂಡು ಕೂತಾಗ ಎಲ್ಲ ನಂಬಿದೆ, ಮರ, ಕೊಪ್ಪರಿಗೆ, ಯಮ, ಎಲ್ಲ, ಅವನಿಲ್ಲದಿದ್ದರೆ ನಾನೇನು, ನನ್ನ ಅರ್ಧ ಮಾತಿಗೆ ಇನ್ನರ್ಧ ಹೇಳುವವನು ಅವನು, ಒಬ್ಬನೇ ರಂಗಕ್ಕೆ ಬಂದರೆ ನನ್ನನ್ನು ನೋಡಿ ಜನ ಅವನೆಲ್ಲಿ ಅಂತ ಕೇಳುತ್ತಾರೆ, ಭಯವಾಯಿತು, ಚಿಕ್ಕವನಿದ್ದಾಗ ಕತ್ತಲೆಗೆ ಆಗುತ್ತಿತ್ತಲ್ಲ ಆ ಭಯ.

ಈಗ ಸಮ್ಲೀ ಅಮ್ಮ ನೂಡಲ್ ಅಂಗಡಿಯ ಏಪ್ರನ್ನಿನಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಿದ್ದಾರೆ, ಡಾಕ್ಟ್ರು ಹೊಲಿಗೆ ಹಾಕಿದ್ದು ಹೊಟ್ಟೆಗೆ, ಹಣೆಬರಹಕ್ಕೆ ಯಾರು ಹಾಕ್ತಾರೆ, ಇವತ್ತು ಉಳ್ದ ಅಂತ ಅದು ಬಿಟ್ಟು ಹೋಗುತ್ತಾ, ಅವ್ನು ನಗ್ಬೇಕು, ನಗಿಸ್ದೇ ನಾನು ಇಲ್ಲಿಂದ ಕದಲಲ್ಲ. ಪ್ರಾಂಗ್ ಅಕ್ಕ ದೊಡ್ಡ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ಬಂದಿದ್ದಾಳೆ, ಫೋನಿನಲ್ಲಿ ತೆಗೀಬಹುದಲ್ಲಕ್ಕ ಅಂದರೆ ಗದರಿಸಿದಳು, ಸತ್ತಿದ್ದನ್ನ ಕಂಡ ಕಣ್ಣೇ ನಗೋದನ್ನೂ ಕಾಣ್ಬೇಕೋ ದಡ್ಡ. ನರ್ಸಮ್ಮ ಸೊಂಟಕ್ಕೆ ಕೈ ಕೊಟ್ಟು ಬಂದಳು, ಇದೇನು ಆಸ್ಪತ್ರೆನೋ ಜಾತ್ರೆನೋ, ಕ್ಯಾಮೆರಾ ಗೀಮೆರಾ ಒಳಗೆ ಬಿಡಲ್ಲ — ಅಮ್ಮ ಅವಳ ಕಿವಿಯಲ್ಲಿ ಏನೋ ಹೇಳಿದರು, ನರ್ಸಮ್ಮನ ಮುಖದ ಬಣ್ಣ ಇಳಿಯಿತು, ಅಯ್ಯೋ, ಪೆಟ್ಟಿಗೇಲಿ ಮಲ್ಗಿ ನಗ್ಲಿಲ್ವಾ, ಮತ್ತೆ ಇಲ್ಲಿ ನಿಂತ್ಕೊಂಡು ಏನ್ ಮಾಡ್ತಿದೀರಿ, ಆ ಕ್ಯಾಮೆರಾನ ಸ್ಪಿರಿಟ್ಟಲ್ಲಿ ಒರೆಸಿ ಕೊಡಿ ಇತ್ಲಾಗೆ. ಅಮ್ಮ ಮೊದಲು ಹೋದರು, ಕೆನ್ನೆ ಸವರಿ ಮುದ್ದು ಮಾಡಿದರಂತೆ, ಎಚ್ಚರ ಇದೆ, ಆದರೆ ಸೂರು ನೋಡಿಕೊಂಡು ಮಲಗಿದ್ದಾನೆ, ನಗಲಿಲ್ಲ. ಪ್ರಾಂಗ್ ಅಕ್ಕ ಹೋದಳು, ಇಬ್ಬರಿಗೂ ಪಗಾರ ಜಾಸ್ತಿ ಅಂದಳಂತೆ, ನಗಲಿಲ್ಲ. ಈಗ ಮೂರು ಜನವೂ ನನ್ನ ಮುಖ ನೋಡುತ್ತಿದ್ದಾರೆ, ಡಾಕ್ಟ್ರು ಬೇಡ ಅಂದ್ರಲ್ಲ ಅಂದರೆ ಅಮ್ಮ, ಸಣ್ಣ ನಗು ಸಾಕು ಕಣೋ, ಹೊಟ್ಟೆ ಅಲ್ಲಾಡ್ದೇ ಇರೋ ಅಂಥದ್ದು. ಅಂಥದ್ದು ನನ್ನ ಹತ್ತಿರ ಎಲ್ಲಿದೆ ಅಮ್ಮಾ, ನನ್ನ ಕಸುಬೆಲ್ಲ ಹೊಟ್ಟೆ ಅಲ್ಲಾಡಿಸುವುದೇ, ಹೊಲಿಗೆ ಕಿತ್ತರೆ ಅವನನ್ನು ನಾನೇ ಕೊಂದ ಹಾಗೆ, ನಗದಿದ್ದರೆ ಈ ಅಮ್ಮ ಇನ್ನು ಜೀವಮಾನವಿಡೀ ಅವನು ಮೆಟ್ಟಿಲಿಳಿದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಾರೆ, ನಾನೂ. ಏನೂ ಮಾಡಬಾರದು, ಕಣ್ಣು ಹೊರಳಿಸಬಾರದು, ಮೂಗು ಅಲ್ಲಾಡಿಸಬಾರದು, ಕಂಬದ ಹಾಗೆ ನಿಂತು ಆಶೀರ್ವಾದ ಮಾಡುವ ಗುರುವಿನ ಹಾಗೆ ಎರಡು ಒಳ್ಳೆಯ ಮಾತಾಡಬೇಕು, ದೇವರೇ, ಒಳ್ಳೆಯ ಮಾತು ಹೇಗಾಡುತ್ತಾರೆ ಅಂತಲೇ ನನಗೆ ಗೊತ್ತಿಲ್ಲ.

ಬಾಗಿಲು ಹಿಂದೆ ಮುಚ್ಚಿತು, ತಂಪು, ಎಲ್ಲ ಬಿಳಿ, ಹಾಸಿಗೆ ಬಿಳಿ, ಪರದೆ ಬಿಳಿ, ತಲೆಯಿಂದ ಗಲ್ಲದವರೆಗೆ ಸುತ್ತಿದ ಬಟ್ಟೆ ಬಿಳಿ, ನಡುವೆ ತುಯ್‌ನ ಮುಖ ಉಬ್ಬಿದೆ, ಹಬೆಯಲ್ಲಿ ಬೇಯಿಸಿದ ಬನ್ನಿನ ಹಾಗೆ, ಹಿಂದೆ ಪ್ರಾಂಗ್ ಅಕ್ಕನ ಕ್ಯಾಮೆರಾದ ಕೆಂಪು ದೀಪ, ನಾನು ಹಾಸಿಗೆಯ ಕಾಲ ಬಳಿ ಹೋಗಿ ನಿಂತೆ, ನಿಂತೆ ಅಷ್ಟೇ. ಅವನ ಕಣ್ಣು ಸೂರಿನಿಂದ ಮೆಲ್ಲಗೆ ಇಳಿದು ಬಂದು ನನ್ನ ಮೇಲೆ ನಿಂತಿತು, ಬೂದಿ ಹತ್ತಿದ ಮುಖ, ಕಣ್ಣಿನ ಸುತ್ತ ಕಪ್ಪು, ಮಣಿಕಟ್ಟಿನಲ್ಲಿ ಬಿಳಿ ದಾರ, ಎಲ್ಲವನ್ನೂ ನೋಡಿತು, ಬಟ್ಟೆಯ ನಡುವಿನಿಂದ ಗೊಗ್ಗರು ದನಿ, ನೀನೂ ಬಂದ್ಯಾ. ಬಂದೆ ಕಣೋ ಅಂದೆ, ಬರದೇ ಇರ್ತೀನಾ. ಯಾವಾಗ್ ಸತ್ತೆ ಅಂದ. ನನಗೆ ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು, ಮದ್ದಿನ ಮಂಪರಿನಲ್ಲಿ ಅಮ್ಮನನ್ನೂ ಅಕ್ಕನನ್ನೂ ಕನಸು ಅಂದುಕೊಂಡು, ತಾನು ಮುಗಿದೆ ಅಂದುಕೊಂಡು, ಒಬ್ಬನೇ ಈ ಬಿಳಿ ಸೂರಿನ ಕೆಳಗೆ ಇಷ್ಟು ಹೊತ್ತು ಮಲಗಿದ್ದಾನೆ ಪಾಪ, ಇಲ್ಲ ಕಣೋ ನೀನು ಬದುಕಿದೀಯಾ, ಇಬ್ಬರೂ ಬದುಕಿದೀವಿ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು, ಸದ್ಯ, ಅಂದ, ಒಂದು ಉದ್ದ ಉಸಿರು ಬಿಟ್ಟ, ಸದ್ಯ ಕಣೋ, ಒಬ್ನೇ ಅಂದ್ಕೊಂಡಿದ್ದೆ, ಮತ್ತೆ ಅವನ ಎಡ ತುಟಿಯ ಅಂಚು, ಬಲಗಡೆ ಊತಕ್ಕೆ ಅಲುಗಲು ಆಗದೆ ಎಡಗಡೆಯದು ಮಾತ್ರ, ಮೆಲ್ಲಗೆ ಮೇಲಕ್ಕೆ ಎದ್ದಿತು. ಹೊಟ್ಟೆ ಅಲ್ಲಾಡಲಿಲ್ಲ, ಹೊಲಿಗೆ ಅಲ್ಲಾಡಲಿಲ್ಲ. ಹಾಸಿಗೆಯ ಮೇಲೆ ಅಂಗೈಯಿಂದ ಮೆತ್ತಗೆ ತಟ್ಟಿ, ಮಲ್ಕೋ, ಇನ್ನೇನ್ ಕೆಲ್ಸ, ಅಂದು ಅವನು ನಿದ್ದೆ ಹೋದ.

ಸಿಕ್ತು, ಸಿಕ್ತು ಅಂತ ಪ್ರಾಂಗ್ ಅಕ್ಕ ಕ್ಯಾಮೆರಾ ತಬ್ಬಿಕೊಂಡು ಹೊರಗೆ ಓಡಿದಳು, ಅಮ್ಮನ ಅಳು ಕೇಳಿಸುತ್ತಿದೆ, ನಗು ಬೆರೆತ ಅಳು, ಭಟರು ಯಾವುದೋ ಮೇಳದ ಹಾಡು ಎತ್ತಿಕೊಂಡಿದ್ದಾರೆ, ನರ್ಸಮ್ಮ ಬೈಯುತ್ತಿದ್ದಾಳೆ, ಬೈಯುವುದರಲ್ಲೂ ನಗು, ಎಲ್ಲರ ಎದೆಯಿಂದಲೂ ಕಲ್ಲು ಇಳಿದಿದೆ, ನನ್ನದರಿಂದಲೂ, ಇಳಿದಿದೆ, ನಿಜ, ನಾನೂ ಹೊರಗೆ ಹೋಗಿ ಕುಣಿಯಬೇಕು, ಎದ್ದ ಮೇಲೆ ಅವನನ್ನು ಗೋಳು ಹೊಯ್ದುಕೊಳ್ಳಬೇಕು, ನಾನು ಸತ್ತೆ ಅಂತ ನಕ್ಕೆಯಲ್ಲೋ ಪಾಪಿ, ಹೆತ್ತ ತಾಯಿಗೆ ನಗಲಿಲ್ಲ, ಪಗಾರಕ್ಕೆ ನಗಲಿಲ್ಲ, ನನ್ನ ಸಾವಿಗೆ ನಕ್ಕೆಯಲ್ಲೋ ಅಂತ ಊರಿಗೆಲ್ಲ ಸಾರಬೇಕು, ಆದರೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೇ ಕೂತಿದ್ದೇನೆ, ನಾನು ಸತ್ತೆ ಅಂತ ತಿಳಿದಾಗ ಅವನಿಗೆ ಹಾಯೆನಿಸಿತು, ಅಷ್ಟು ಹಾಯೆನಿಸಿತು, ನನಗೆ ಸಿಟ್ಟು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ, ಇವನು ಹೋಗಿ ನಾನು ಇಲ್ಲಿ ಉಳಿದಿದ್ದರೆ, ನಾನು ಹೋಗಿ ಇವನು ಉಳಿದಿದ್ದರೆ — ಗೊರಕೆ ಶುರುವಾಯಿತು, ಪುಣ್ಯಾತ್ಮ, ದವಡೆಗೆ ಬಟ್ಟೆ ಕಟ್ಟಿದ್ದರೂ ಗೊರಕೆ, ಆ ತುಟಿ ಇನ್ನೂ ಕೆಳಗಿಳಿದಿಲ್ಲ, ನಿದ್ದೆಯಲ್ಲೂ ಇಳಿದಿಲ್ಲ, ಸದ್ಯ ಅಂದನಲ್ಲ, ಅಂದಾಗ, ಎಡ ತುಟಿಯ ಅಂಚು, ಎಡಗಡೆಯದು ಮಾತ್ರ, ಮೇಲಕ್ಕೆ,