ಬಿಸಿಲಿಗೆ ಮೇಲೆ ಬಂದ ಗೆಂಡೆ

ಗಡಿಯಾರ ರಿಪೇರಿಯ ಅಂಗಡಿಯನ್ನು ಮುಚ್ಚಿದಾಗ ಅವರು ಅಷ್ಟೇನೂ ಕಳವಳಪಡಲಿಲ್ಲ. ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದುಡಿದ ಮೇಲೆ ಕಣ್ಣು ಮುನಿಸಿಕೊಂಡರೆ ತಪ್ಪು ಕಣ್ಣಿನದಲ್ಲ ಎಂದುಕೊಂಡರು. ಆದರೆ ಭಾನುವಾರದ ಗಾಳವನ್ನೂ ಬಿಡಬೇಕಾಗಬಹುದು ಎಂಬುದು ಮಾತ್ರ ನುಂಗಲಾರದ ತುತ್ತಾಗಿತ್ತು.

ಅವರು ಗಾಳ ಹಾಕುತ್ತಿದ್ದುದು ಹಳೆಯ ಕಲ್ಲುಗಣಿಯಲ್ಲಿ ನೀರು ನಿಂತು ಆದ ಕೆರೆಯಲ್ಲಿ. ದಡದಿಂದ ನಾಲ್ಕು ಮಾರು ದಾಟಿದರೆ ಐವತ್ತು ಅಡಿ ಆಳ. ಚಳಿಗಾಲದಲ್ಲಿ ತೊಂದರೆಯಿರಲಿಲ್ಲ. ಸೀಸದ ಗುಂಡು ಕಟ್ಟಿದ ಗಾಳವನ್ನು ತಳಕ್ಕೆ ಇಳಿಸಿ, ಕೋಲಿನ ತುದಿಗೆ ಗೆಜ್ಜೆ ಸಿಕ್ಕಿಸಿ ಕೂತರೆ ಮೀನು ಕಚ್ಚಿದ್ದನ್ನು ಕಿವಿಯೇ ಹೇಳುತ್ತಿತ್ತು. ಈ ಬೇಸಿಗೆಯಲ್ಲಿ ಮೂರು ಭಾನುವಾರ ಗೆಜ್ಜೆ ಮೂಕವಾಗಿತ್ತು. ಸೆಕೆಗೆ ಗೆಂಡೆ ಮೀನುಗಳೆಲ್ಲ ಆಳ ಬಿಟ್ಟು, ಬೆನ್ನಿಗೆ ಬಿಸಿಲು ತಾಗುವಷ್ಟು ಮೇಲೆ ಬಂದು ಸೋಮಾರಿಗಳ ಹಾಗೆ ಸುತ್ತುತ್ತಿದ್ದವು. ಅವಕ್ಕೆ ತೇಲುವ ಬ್ರೆಡ್ಡೇ ಆಗಬೇಕು. ತೇಲುವುದನ್ನು ನೋಡಲು ಕಣ್ಣು ಬೇಕು.

ಇವತ್ತೂ ಒಂದು ಮೀನು ಸ್ವಂತವಾಗಿ ಹಿಡಿಯಲಾಗದಿದ್ದರೆ ಕೋಲುಗಳನ್ನು ಭಾವಮೈದುನನಿಗೆ ಕೊಟ್ಟುಬಿಡುವುದೆಂದು ಅವರು ನಿಶ್ಚಯಿಸಿದ್ದರು. ಯಾರಿಗೂ ಹೇಳಿರಲಿಲ್ಲ. ಹೊರೆಯಾಗಿ ಜೊತೆಗೆ ಬರುವ ಮನಸ್ಸಿರಲಿಲ್ಲ, ಅಷ್ಟೆ.

ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ಬಸ್ ಡ್ರೈವರ್. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಕಾರಿನಿಂದ ದಡದವರೆಗೂ ಭಾವನಿಗಿಂತ ಒಂದೇ ಹೆಜ್ಜೆ ಮುಂದೆ ನಡೆದ. "ಥೂ, ಇಲ್ಲೊಂದು ಕಲ್ಲು, ನನ್ನ ಕಾಲಿಗೇ ಕಾದಿತ್ತು," ಎಂದು ದಾರಿಯ ಪ್ರತಿ ಕಲ್ಲನ್ನೂ ತನ್ನ ಹೆಸರಿನಲ್ಲೇ ಬೈದುಕೊಂಡ. ಭಾವ ಯಾವುದನ್ನೂ ಎಡವಲಿಲ್ಲ.

ಗಾಳ ಎಸೆಯುವಾಗಲೂ ಅವನದೇ ಕೂಗು. "ಎಡಕ್ಕೆ, ಇನ್ನೂ ಎಡಕ್ಕೆ, ಹೋಲ್ಡಾನ್! ಹಾಕಿ ಭಾವ. ನಾನು ನೋಡ್ತಿರ್ತೀನಿ, ಎತ್ತಿ ಅಂದ ತಕ್ಷಣ ಎತ್ತಿಬಿಡಿ."

ಐದು ನಿಮಿಷವಾಗಿರಬೇಕು.

"ಎತ್ತಿ!"

ಎತ್ತಿದರು. ಬರಿಗಾಳ ಹಾರಿ ಬಂದು ಹಿಂದಿನ ಪೊದೆಗೆ ಸಿಕ್ಕಿಕೊಂಡಿತು.

"ಅಯ್ಯೋ, ಬಾಯಿ ತೆಗೆದಿತ್ತು ಭಾವ! ಇಷ್ಟು ದೊಡ್ಡ ಬಾಯಿ!"

"ನಿನ್ನಷ್ಟಾ?"

"ನನಗಿಂತ ಒಂಚೂರು ಕಡಿಮೆ."

ಹೀಗೆ ನಾಲ್ಕು ಸಲ ಆಯಿತು. ಡ್ರೈವರ್ ತನ್ನ ಕೋಲಿನಲ್ಲೂ ಎರಡು ಮೀನು ಕಳೆದುಕೊಂಡ. ಅಷ್ಟರಲ್ಲಿ ಗಡಿಯಾರದವರಿಗೆ ಒಂದು ಸಂಗತಿ ಹೊಳೆದಿತ್ತು. ಅವನು ಕೂಗಿದಾಗಲೆಲ್ಲ ತಮ್ಮ ತೋರುಬೆರಳ ಮೇಲಿನ ದಾರ ಸಡಿಲವಾಗಿಯೇ ಇರುತ್ತಿತ್ತು.

"ನಿನ್ನ ಕೋಲು ನೀನು ನೋಡ್ಕೋ ಮಾರಾಯ. ನನ್ನದು ನಾನು ನೋಡ್ಕೋತೀನಿ."

"ನೋಡ್ಕೊಳ್ಳೋಕೆ ನಿಮಗೆಲ್ಲಿ ಕಾ..."

ಡ್ರೈವರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬಾಯಿ ತಪ್ಪಿ ಬಂತು ಭಾವ."

"ನಿಜಾನೇ ತಾನೆ ಹೇಳಿದ್ದು? ನನಗೆ ಕಾಣಲ್ಲ. ನಿನಗೆ ಕಾಣುತ್ತೆ, ಅದೇ ತೊಂದರೆ. ಅದು ಬಾಯಿ ತೆಗೆದ ಕೂಡಲೇ ಕೂಗ್ತೀಯ. ತುತ್ತು ಇನ್ನೂ ಒಳಗೇ ಹೋಗಿರಲ್ಲ. ತಗೊಂಡು ತಿರುಗಿದರೆ ದಾರ ನನ್ನ ಬೆರಳಿಗೆ ಹೇಳುತ್ತೆ. ನೀನು ಸುಮ್ಮನಿರಬೇಕು."

"ನಾನಾ? ಸುಮ್ಮನಾ?"

"ಕಷ್ಟ ಅಂತ ಗೊತ್ತು."

ಡ್ರೈವರ್ ತನ್ನ ಕೋಲನ್ನು ಸುತ್ತಿ ಪಕ್ಕಕ್ಕಿಟ್ಟ. ಬ್ರೆಡ್ಡಿನ ಎರಡು ಹೋಳು ಒಟ್ಟಿಗೇ ಬಾಯಿಗೆ ತುರುಕಿಕೊಂಡು ಕೆನ್ನೆ ಉಬ್ಬಿಸಿ ಕೂತ.

ಅವರು ತಾವೇ ಗಾಳ ಎಸೆದರು. ಕಣ್ಣಿಗೆ ಕಂಡದ್ದು ಬರೀ ಬಿಳುಪು. ಎಲ್ಲಿ ನೀರು ಮುಗಿದು ಆಕಾಶ ಶುರುವಾಯಿತೆಂದೂ ತಿಳಿಯದು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿ "ಉಂ... ಉಂಉಂ!" ಎಂದು ಸದ್ದಾಯಿತು. ಡ್ರೈವರನ ಮೊಣಕಾಲು ಕುಣಿಯುತ್ತಿತ್ತು. ಅವರ ಕೈಯೂ ಎತ್ತೆಂದು ಹಟ ಹಿಡಿಯಿತು. ದಾರ ಸಡಿಲವಾಗಿಯೇ ಇತ್ತು, ಎತ್ತಲಿಲ್ಲ. ಇನ್ನೊಂದು ಉಸಿರಿನಷ್ಟು ಹೊತ್ತು ಕಳೆಯಿತು. ಆಮೇಲೆ ದಾರ, ಬಟ್ಟೆಯಿಂದ ಯಾರೋ ನೂಲೆಳೆದಂತೆ, ಬೆರಳ ಮೇಲೆ ಮೆಲ್ಲಗೆ ಸರಿಯಿತು.

ಎತ್ತಿದರು. ಕೋಲು ಬಾಗಿತು. ಗೆಂಡೆ ನೇರ ಆಳಕ್ಕೆ ಧುಮುಕಿತು, ರೀಲು ಕಿರ್ರೆಂದಿತು. ಬಿಡುತ್ತ, ಸೆಳೆಯುತ್ತ ಹತ್ತು ನಿಮಿಷ ಆಡಿಸಿ ದಡಕ್ಕೆ ತಂದರು. ಡ್ರೈವರ್ ಬಾಯಲ್ಲಿದ್ದುದನ್ನೆಲ್ಲ ಉಗಿದು ಕೈಬಲೆ ಒಡ್ಡಿದ.

"ನಾಲ್ಕು ಕಿಲೋಗೆ ಮೋಸ ಇಲ್ಲ! ಭಾವ, ನಿಮ್ಮ ಬೆರಳಿಗೆ ಕಣ್ಣಿದೆ!"

"ಹೊಗಳಬೇಡ. ಕಂಡಿದ್ದರೆ ನಾನೂ ನಿನ್ನ ಹಾಗೇ ಎಳೀತಿದ್ದೆ."

ಅವರು ಒದ್ದೆ ಕೈಯಿಂದ ಮೀನಿನ ಬೆನ್ನು ಸವರಿದರು. ಸೆಕೆಗೆ ಬೇಗ ಸೋಲುತ್ತದೆಂದು, ಅದು ಬಾಲ ಬಡಿಯುವವರೆಗೆ ನೀರಿನಲ್ಲೇ ಹಿಡಿದಿದ್ದು ಬಿಟ್ಟರು.

ಡ್ರೈವರ್ ತನ್ನ ಕೋಲು ಎತ್ತಿಕೊಂಡ. "ನನಗೂ ಹೇಳ್ಕೊಡಿ."

"ದಾರ ಬೆರಳ ಮೇಲಿಟ್ಕೊಂಡು ಕಣ್ಣು ಮುಚ್ಕೋ. ಮುಚ್ಚಿದೆಯಾ?"

"ಮುಚ್ಚಿದೆ."

"ಸುಳ್ಳು."

"ಹೇಗೆ ಗೊತ್ತಾಯ್ತು?"

"ನಿನ್ನ ಅಕ್ಕನ ಜೊತೆ ಇಷ್ಟು ವರ್ಷ ಸಂಸಾರ ಮಾಡಿಲ್ವಾ?" ಎಂದು ಅವರು ಗಾಳಕ್ಕೆ ಹೊಸ ಬ್ರೆಡ್ ಸಿಕ್ಕಿಸತೊಡಗಿದರು. "ಮುಂದಿನ ಭಾನುವಾರ ಸ್ವಲ್ಪ ಬೇಗ ಬಾ. ಈ ಬಂಡೆ ಕಾದ ಮೇಲೆ ಕೂರೋಕಾಗಲ್ಲ."