ಹೊಸ ಅಂಗಡಿಗಳ ಪಟ್ಟಿ

ಧನ್ಯಾಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಇಬ್ಬರೂ ಒಂದೇ ಕಂಪನಿಯ ಬಿಲ್ಲಿಂಗ್ ಮಷಿನ್ ಮಾರುವವರು. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಯಾರು ಹೊಸ ಅಂಗಡಿ ತೆರೆದರೂ ಬಾಗಿಲಲ್ಲಿ ಮೊದಲು ನಿಂತವರಿಗೆ ಗಿರಾಕಿ. ನಾನು ಹದಿನಾಲ್ಕು ವರ್ಷದಿಂದ ಹೀಗೆ ನಿಲ್ಲುತ್ತಿದ್ದೇನೆ, ಅವಳು ಹದಿನಾಲ್ಕು ತಿಂಗಳಿಂದ. ಆದರೂ ಮೊದಲು ಅವಳೇ. ದೀಪಾವಳಿ ಕಳೆದ ಮೇಲೆ ಮೂರು ತಾಲೂಕಿಗೂ ಒಬ್ಬರೇ ಸಾಕು ಎಂದು ಸಾಹೇಬರು ಹೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನನ್ನ ಹತ್ತಿರ ಏನಿರಲಿಲ್ಲ? ಜಿಎಸ್‌ಟಿ ನೋಂದಣಿಯ ಪಟ್ಟಿ, ಅಂಗಡಿ ಪರವಾನಗಿಯ ಪಟ್ಟಿ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಇನ್ನೊಂದು. ಅವನ್ನು ನಂಬಿಕೊಂಡು ಅಪ್ಸರಕೊಂಡದ ಹೋಂಸ್ಟೇಗೆ ಹೋದರೆ ಪಾಯವನ್ನೇ ತೋಡಿರಲಿಲ್ಲ. ಅಘನಾಶಿನಿಯ ಮೀನು ರಫ್ತು ಸಂಸ್ಥೆಯ ವಿಳಾಸದಲ್ಲಿ ಗಣಪಿ ಎಂಬ ಅಜ್ಜಿ ಚಿಪ್ಪು ಒಡೆದು ಬಳಚಿನ ಮಾಂಸ ಬಿಡಿಸುತ್ತ ಕೂತಿದ್ದಳು.

"ಮಗ ಬ್ಯಾಂಕಿಗೆ ಬೇಕು ಅಂತ ಎಂತದೋ ಬರ್ಸಿದ್ದ. ನೀ ಬಂದು ಚಾ ಕುಡಿ" ಅಂದಳು.

ಕುಮಟಾದ ಬಟ್ಟೆ ಅಂಗಡಿಯೊಂದು ಮಾತ್ರ ನಿಜಕ್ಕೂ ಇತ್ತು. ಒಳಗೆ ಹೋದರೆ ಗಲ್ಲಾಪೆಟ್ಟಿಗೆಯ ಮೇಲೆ ಧನ್ಯಾ ಮಾರಿದ ಮಷಿನ್! ಪೂಜೆಯ ದಿನವೇ ಬಂದಿದ್ದಳಂತೆ, ತಲೆ ತುಂಬ ಮಲ್ಲಿಗೆ ಮುಡಿದುಕೊಂಡು.

ಇವಳು ಯಾವುದೋ ಕಚೇರಿಯ ಗುಮಾಸ್ತನನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ ಎಂದೇ ನನ್ನ ಲೆಕ್ಕ. ಒಂದು ಬುಧವಾರ ಬೆಳಿಗ್ಗೆ ಹೊನ್ನಾವರದ ಅವಳ ಓಣಿಯ ತುದಿಯಲ್ಲಿ ಕಾದು ಸ್ಕೂಟರಿನ ಹಿಂದೆ ಬಿದ್ದೆ. ಮಂಕಿ ದಾಟಿದಳು, ಮುರ್ಡೇಶ್ವರದ ತಿರುವು ದಾಟಿದಳು. ಶಿರಾಲಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದಳು. ಸ್ಕೂಟರ್ ನಿಂತದ್ದು ನನ್ನ ಮನೆಯ ಮುಂದೆ.

ಹೆಂಡತಿ ಮಾದೇವಿ ಎಂದಿನಂತೆ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಹೊಸ ಅಂಗಡಿಯ ಪೂಜೆಗೆ ಮೂರೂ ತಾಲೂಕಿನವರು ಎಂಟು ದಿನ ಮೊದಲೇ ಅವಳಿಗೆ ಹೂ ಹೇಳಿಹೋಗುವುದು ನಮ್ಮ ಕಡೆಯ ರೂಢಿ, ಕಾಗದಪತ್ರವೆಲ್ಲ ಆಮೇಲೆ. ಧನ್ಯಾ ಪಕ್ಕದಲ್ಲಿ ಕೂತು ಬಾಳೆನಾರು ಸೀಳಿಕೊಡುತ್ತ ಒಂದೊಂದೇ ಅಂಗಡಿಯ ಸುದ್ದಿ ಕೇಳಿಕೊಳ್ಳುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನನ್ನ ಜೊತೆ ಮಾದೇವಿ ಹಾಗೆ ನಕ್ಕು ಎಷ್ಟು ಕಾಲವಾಯಿತೋ! ಧನ್ಯಾ ಮಾರಿದ ಮಷಿನ್‌ಗಳಿಗಿಂತ ಆ ನಗುವಿಗೇ ನನಗೆ ಹೆಚ್ಚು ಸಂಕಟವಾಯಿತು.

ಧನ್ಯಾ ಹೋಗುವವರೆಗೆ ತೆಂಗಿನಮರದ ಮರೆಯಲ್ಲಿ ನಿಂತಿದ್ದು, ಆಮೇಲೆ ಜಗಲಿ ಹತ್ತಿ ಕೂಗಾಡಿದೆ. "ಇವ್ಳಿಂದ ನನ್ನ ಕೆಲ್ಸ ಹೋಗೂದ್ರಲ್ಲಿದೆ. ನಂಗೆ ಯಾಕೆ ಹೇಳ್ಲಿಲ್ಲ?"

ಮಾದೇವಿಯ ಕೈ ನಿಲ್ಲಲಿಲ್ಲ. "ಕೆಲ್ಸದ ಸುದ್ದಿ ನೀವು ನಂಗೆ ಯಾವಾಗ ಹೇಳಿದ್ರಿ? ನಾ ಹೇಳೂಕೆ ಬಂದಾಗೆಲ್ಲ, ಹೂವಿನ ಸುದ್ದಿ ನಂಗೆಂತಕೆ ಅಂದ್ರಿ. ಪಟ್ಟಿ ಬಿಟ್ಟು ತಲೆ ಎತ್ಲಿಲ್ಲ. ಅವ್ಳು ನಿಮ್ಮ ಕಂಪನಿಯವ್ಳೇ ಅಲ್ವಾ? ಕೇಳಿದ್ಲು, ಹೇಳ್ದೆ."

ನಾನು ಅವಳ ಪಕ್ಕ ಕೂತೆ. ಧನ್ಯಾ ಬಿಟ್ಟುಹೋದ ನಾರನ್ನು ಎತ್ತಿಕೊಂಡೆ. ಬುಟ್ಟಿಯಲ್ಲಿ ದೊಡ್ಡ ಹಾರವೊಂದು ಇತ್ತು.

"ಇದು ಯಾರ ಅಂಗಡಿಗೆ?" ಎಂದು ಮೆಲ್ಲಗೆ ಕೇಳಿದೆ.

"ನಂದೇ" ಅಂದಳು ಮಾದೇವಿ. "ನಾಳೆ ಭಟ್ಕಳ ಪೇಟೆಯಲ್ಲಿ ಹೂವಿನ ಅಂಗಡಿ ಪೂಜೆ. ಮಷಿನ್ ಧನ್ಯಾ ಕೊಟ್ಟಾತು."